ಗಾಬರಿ ಇರುವ ತಲೆ

ಕ್ಯಾಪ್ಟನ್ನರ ಎಡಗಿವಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ಬೆಳಗ್ಗೆಯಿಂದ ಅವಳು ಅದನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತಲೇ ಇದ್ದಳು. ಎದುರಿನ ಫೋಟೊಗೆ ಹೊಂದಿಸಿದರೆ ಪಕ್ಕದ ಫೋಟೊದಲ್ಲಿ ಕಿವಿ ದವಡೆ ಬಿಟ್ಟು ದೂರ ನಿಲ್ಲುತ್ತಿತ್ತು. ಪಕ್ಕದ್ದಕ್ಕೆ ಹೊಂದಿಸಿದರೆ ಎದುರಿನಿಂದ ನೋಡುವಾಗ ಯಾರೋ ಮೇಷ್ಟ್ರು ಈಗಷ್ಟೇ ಹಿಂಡಿ ಬಿಟ್ಟ ಹಾಗೆ ಕಾಣುತ್ತಿತ್ತು.

ಪರದೆಯ ಮೇಲೆ ಒಂದು ಬಲೆ. ಮೀನಿನ ಬಲೆಯಂಥದ್ದೇ, ತಲೆಯ ಆಕಾರಕ್ಕೆ ಉಬ್ಬಿ ನಿಂತದ್ದು. ಅದರ ಹಿಂದೆ ಕ್ಯಾಪ್ಟನ್ನರ ಫೋಟೊ. ಬಲೆಯ ಒಂದೊಂದು ಗಂಟನ್ನೂ ಹಿಡಿದು ಅದರದರ ಜಾಗಕ್ಕೆ ಒಯ್ದು ಕೂರಿಸಬೇಕು: ಕಣ್ಣಿನ ತುದಿಯ ಗಂಟು ಕಣ್ಣಿನ ತುದಿಗೆ, ತುಟಿಯ ಮೂಲೆಯದು ತುಟಿಯ ಮೂಲೆಗೆ. ಆಮೇಲೆ ಫೋಟೊದಲ್ಲಿನ ಚರ್ಮವನ್ನು ಬಲೆಗೆ ಹೊದಿಸಬೇಕು. ಹಣೆಯ ಮೇಲೆ ಬಿದ್ದ ದೀಪದ ಹೊಳಪನ್ನು ಒರೆಸಿ ತೆಗೆಯಬೇಕು. ವಿಮಾನದೊಳಕ್ಕೆ ಬಿಸಿಲು ಬೀಳುವುದು ಬೇರೆ ಕಡೆಯಿಂದ. ಸೋಮಾರಿಗಳು ಅರ್ಧ ಮುಖ ಮಾಡಿ ಅದನ್ನೇ ಮಗುಚಿ ಇನ್ನರ್ಧಕ್ಕೆ ಅಂಟಿಸುತ್ತಾರೆ. ಅಂಥ ಮುಖ ಚೆಂದವಿರುತ್ತದೆ, ಜೀವ ಇರುವುದಿಲ್ಲ. ಅವಳು ಎರಡು ಬದಿಯನ್ನೂ ಬೇರೆ ಬೇರೆಯಾಗಿಯೇ ಮಾಡುತ್ತಿದ್ದಳು.

ಅವಳು ಕೆಲಸಕ್ಕಿದ್ದ ಸಂಸ್ಥೆ ವಿಮಾನ ಓಡಿಸಲು ಕಲಿಯುವವರಿಗೆ ಸಿಮ್ಯುಲೇಟರ್ ಮಾಡುತ್ತಿತ್ತು. ಒಂದು ಕೋಣೆ, ಒಂದು ಸೀಟು, ಮುಂದೆ ನಿಜವಾದ ವಿಮಾನದಲ್ಲಿರುವಂತೆಯೇ ಗುಂಡಿಗಳು, ಹಿಡಿಗಳು, ಮೀಟರುಗಳು. ಕಲಿಯುವವನು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕೂತರೆ ಸುತ್ತ ಆಕಾಶ ಕಾಣಿಸುತ್ತದೆ, ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಕಾಣಿಸುತ್ತಾನೆ. ಆ ಇನ್ನೊಬ್ಬ ಪೈಲಟ್ಟನ ಮೈಯೆಲ್ಲ ಒಂದೇ ಅಚ್ಚು. ತಲೆ ಮಾತ್ರ ಪಾಠಕ್ಕೊಂದು. ಆ ತಲೆಗಳನ್ನು ನಿಜವಾದ ಮನುಷ್ಯರ ಫೋಟೊಗಳಿಂದ ಮಾಡುವುದು ಅವಳ ಕೆಲಸ. ಗಂಡನನ್ನು ಯಾರಾದರೂ ಕೇಳಿದರೆ, ‘ನಮ್ಮನೆಯವಳು ತಲೆ ಮಾಡ್ತಾಳೆ, ನಾನು ತಲೆ ಕೆಡಿಸ್ಕೊಳ್ತೀನಿ’ ಎನ್ನುತ್ತಿದ್ದ. ಹಳೆಯ ಜೋಕು. ಹೇಳುವವನಿಗೂ ಕೇಳುವವಳಿಗೂ ಅಭ್ಯಾಸವಾಗಿಬಿಟ್ಟಿತ್ತು.

ಕಿವಿಯನ್ನು ಅಷ್ಟಕ್ಕೇ ಬಿಟ್ಟು ಟೀ ತರಲು ಎದ್ದಳು.

ತರಬೇತಿಯ ಕೋಣೆಗಳು ಮೊದಲು ಊರಿನ ಇನ್ನೊಂದು ತುದಿಯಲ್ಲಿದ್ದವು. ಈಚೆಗೆ ಅವನ್ನೆಲ್ಲ ಇದೇ ಕಟ್ಟಡದ ಕೆಳಮಹಡಿಗೆ ತಂದಿದ್ದರು. ಹಾಗಾಗಿ ಟೀ ಮೆಷಿನ್ನಿನ ಮುಂದೆ ಈಗ ಸದಾ ಬಿಳಿ ಶರ್ಟಿನ ಹುಡುಗರ ಸಾಲು. ಇಷ್ಟು ವರ್ಷ ತಲೆ ಮಾಡಿದವಳು ಅವು ಹೋಗಿ ಕೂರುವ ಜಾಗ ನೋಡಿರಲಿಲ್ಲ. ಯಾರೂ ಕರೆದಿರಲಿಲ್ಲ, ಅವಳಿಗೂ ಹೋಗಬೇಕೆನಿಸಿರಲಿಲ್ಲ. ಹೆಣೆದು ಕೊಟ್ಟ ಸ್ವೆಟರ್ ಯಾರು ಹಾಕಿಕೊಂಡರೋ ಎಂದು ಹಿಂದೆ ಹೋಗಿ ನೋಡುವವರುಂಟೆ?

ಸಾಲಿನಲ್ಲಿ ಮುಂದಿದ್ದ ಹುಡುಗ ಎರಡು ಸಲ ತಿರುಗಿ ನೋಡಿದ.

‘ಮೇಡಂ, ನಿಮ್ಮನ್ನ ಎಲ್ಲೋ ನೋಡಿದೀನಿ.’

‘ಇದೇ ಕಟ್ಟಡದಲ್ಲಿರ್ತೀನಪ್ಪ. ನೋಡಿರ್ತೀಯ.’

‘ಅಲ್ಲ ಅಲ್ಲ. ಹತ್ತಿರದಿಂದ. ತುಂಬ ಹತ್ತಿರದಿಂದ ನೋಡಿದೀನಿ.’ ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಗೆಳೆಯನ ತೋಳು ಜಗ್ಗಿದ. ‘ಲೋ, ಇವರು ಯಾರು ಹೇಳು ನೋಡೋಣ.’

ಗೆಳೆಯ ಕಪ್ಪು ತುಂಬುವವರೆಗೂ ಅವಳ ಮುಖ ನೋಡಿದ. ಆಮೇಲೆ ಮೆಲ್ಲಗೆ, ‘ಗಾಬರಿ ಅಕ್ಕ’ ಎಂದ.

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಬಹಳ ದಿನದ ಪರಿಚಯದವರು ಎದುರಾದಾಗ ಬರುವ ನಗು.

‘ಏನಂದೆ?’

‘ಬೇಜಾರು ಮಾಡ್ಕೋಬೇಡಿ ಮೇಡಂ. ನಾವೆಲ್ಲ ನಿಮ್ಮಿಂದಾನೇ ಪಾಸಾಗಿರೋದು. ತಪ್ಪಿನ ಪಾಠ ಅಂತ ಒಂದಿದೆ. ಪಕ್ಕದ ಪೈಲಟ್ ಏನೋ ತಪ್ಪು ಮಾಡ್ತಾರೆ, ಎತ್ತರ ತಪ್ಪು ಓದ್ತಾರೆ, ಬೇರೆ ಹಿಡಿ ಎಳೀತಾರೆ, ಆಮೇಲೆ ಗಾಬರಿ ಬೀಳ್ತಾರೆ. ನಾವು ಕಂಡುಹಿಡಿದು ಸರಿ ಮಾಡ್ಬೇಕು. ಆ ಪಕ್ಕದ ಪೈಲಟ್ ನೀವೇ ಅಲ್ವಾ?’

‘ಯಾವಾಗಲೂ ನಾನೇನಾ?’

‘ಯಾವಾಗಲೂ ನೀವೇ. ಅದೇ ಅನುಕೂಲ. ನೀವು ಬಂದು ಕೂತ್ರೆ ಸಾಕು, ಇವತ್ತು ತಪ್ಪಾಗುತ್ತೆ ಅಂತ ಗೊತ್ತಾಗೋಗುತ್ತೆ. ನೀವು ಹೇಳಿದ್ದರ ಉಲ್ಟಾ ಮಾಡಿದ್ರೆ ಆಯ್ತು. ಮೀಟರ್ ಕಡೆ ನೋಡೋದೂ ಬೇಡ.’

‘ನೋಡದೇನೇ ಪಾಸಾದ್ಯಾ?’

‘ಒಳ್ಳೆ ಮಾರ್ಕ್ಸಲ್ಲಿ’ ಎಂದ ಗೆಳೆಯ. ‘ಬನ್ನಿ ಮೇಡಂ, ಕೋಣೆ ಖಾಲಿ ಇದೆ, ನಿಮ್ಮನ್ನ ನೀವೇ ನೋಡ್ಕೊಳ್ಳಿ.’

ಹೋದಳು. ಸೀಟಿನಲ್ಲಿ ಕೂರಿಸಿ, ಹೆಡ್‌ಸೆಟ್ ಕಟ್ಟಿ, ಹಿಂದಿನ ಪಟ್ಟಿ ಕೂದಲಿಗೆ ಸಿಕ್ಕಿಕೊಳ್ಳದಂತೆ ಹುಡುಗ ಜೋಪಾನವಾಗಿ ಬಿಗಿದ. ಸುತ್ತ ತಿಳಿನೀಲಿ ಹರಡಿತು. ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಅವಳೇ ಕೂತಿದ್ದಳು. ಕೂದಲಿನಲ್ಲಿ ಇನ್ನೂ ಬಿಳಿ ಬಂದಿರದ, ಗಲ್ಲ ಇನ್ನೂ ಇಳಿದಿರದ ಅವಳು. ಒಳ್ಳೆಯ ಕೆಲಸ, ಎಂದುಕೊಂಡಳು ಮೊದಲು. ಕಸುಬಿನವರ ಕಣ್ಣು ಮೊದಲು ಅದನ್ನೇ ನೋಡುತ್ತದೆ. ಮೂಗಿನ ಬದಿಯ ಸಣ್ಣ ಗುಳಿಯೂ ಇತ್ತು. ಆ ಮುಖ ತಣ್ಣಗೆ ಎತ್ತರವನ್ನು ಓದಿತು. ಎದುರಿನ ಮೀಟರು ಬೇರೆಯದನ್ನೇ ತೋರಿಸುತ್ತಿತ್ತು. ಎಲ್ಲೋ ಗಂಟೆ ಬಡಿಯಿತು, ಕೆಂಪು ದೀಪ ಹೊತ್ತಿತು. ಆಗ ಆ ಮುಖದ ಹುಬ್ಬುಗಳು ಒಳತುದಿಯಿಂದ ಮೇಲೆದ್ದವು, ಕೆಳರೆಪ್ಪೆ ಬಿಗಿಯಿತು, ಬಾಯಿ ಅರ್ಧ ತೆರೆದು ಹಾಗೇ ನಿಂತಿತು.

‘ಇದೇ ಇದೇ’ ಎಂದು ಹಿಂದೆ ಹುಡುಗರು ನಕ್ಕರು.

ಆ ಬಾಯಿ ಹೇಗೆ ತೆರೆದುಕೊಂಡಿತ್ತೆಂದು ಅವಳಿಗೆ ನೆನಪಿತ್ತು. ಸಂಸ್ಥೆ ಚಿಕ್ಕದಿದ್ದಾಗಿನ ಮಾತು. ಗಾಬರಿಯ ಫೋಟೊ ಬೇಕಿತ್ತು. ಕ್ಯಾಮೆರಾದ ಮುಂದೆ ಬಾಯಿಬಿಟ್ಟುಕೊಂಡು ಕೂರಲು ಯಾರೂ ತಯಾರಿರಲಿಲ್ಲ. ‘ನಾನೇ ಕೂರ್ತೀನಿ ಬಿಡಿ’ ಎಂದು ಕೂತಿದ್ದಳು. ಸುಮ್ಮನೆ ಹುಬ್ಬೇರಿಸಿದರೆ ನಾಟಕದಂತೆ ಕಾಣುತ್ತಿತ್ತು. ನಿಜವಾಗಿ ಭಯಪಟ್ಟದ್ದೇನಾದರೂ ನೆನಪಿಸಿಕೊಳ್ಳಿ ಎಂದಿದ್ದ ಫೋಟೊ ತೆಗೆಯುವವನು. ಅವಳು ನೆನಪಿಸಿಕೊಂಡಿದ್ದಳು: ರೈಲು ನಿಲ್ದಾಣ, ಜನಸಂದಣಿ, ಮಗಳ ಬೆರಳು ಕೈಯಿಂದ ಜಾರಿದ್ದು, ತಿರುಗಿದರೆ ಮಗು ಇಲ್ಲ. ಆ ಒಂದು ಗಳಿಗೆ. ಆಮೇಲೆ ಅವಳು ಕಿರುಚಿರಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತು, ಮಗಳ ಹಳದಿ ಫ್ರಾಕನ್ನು ಹುಡುಕಿ, ಬಾಗಿಲಲ್ಲಿ ಟಿಕೆಟ್ ನೋಡುವವನಿಗೆ ಕೈಬೀಸಿ ತೋರಿಸಿ, ಮಗುವನ್ನು ಅಲ್ಲಿಯೇ ತಡೆದು ನಿಲ್ಲಿಸುವಂತೆ ಮಾಡಿದ್ದಳು. ಆದರೆ ಕ್ಯಾಮೆರಾಕ್ಕೆ ಬೇಕಿದ್ದದ್ದು ಮೊದಲ ಗಳಿಗೆ ಮಾತ್ರ. ಅವಳು ಅದನ್ನು ಕೊಟ್ಟಿದ್ದಳು. ತಾಯಿಯ ಹೊಟ್ಟೆಯೊಳಗಿನದನ್ನು ಎತ್ತಿ ಮುಖದ ಮೇಲೆ ಇಟ್ಟು ಕೊಟ್ಟಿದ್ದಳು.

ಅದನ್ನೀಗ ತಪ್ಪು ಎತ್ತರದ ಪಕ್ಕದಲ್ಲಿಟ್ಟು ಇಷ್ಟು ವರ್ಷ ಹುಡುಗರನ್ನು ನಗಿಸಿದ್ದರು.

ಹೆಡ್‌ಸೆಟ್ ತೆಗೆದು ಕೊಟ್ಟಳು. ‘ಚೆನ್ನಾಗಿದೆ’ ಎಂದಳು. ಟೀ ಅಲ್ಲಿಯೇ ಉಳಿಯಿತು.

ಸಂಜೆ ಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತ ಹೇಳಿದಳು. ಗಂಡ ಕೇಳಿಸಿಕೊಂಡ; ಕೇಳಿಸಿಕೊಳ್ಳುವಾಗಲೇ ಅವನ ತುಟಿಯ ಮೂಲೆ ನಡುಗುತ್ತಿದ್ದದ್ದು ಕಂಡಿತು.

‘ಅಂದ್ರೆ ಮನೇಲಿ ದಿನಾ ತಪ್ಪು ಹುಡುಕೋಳು, ಅಲ್ಲಿ ದಿನಾ ತಪ್ಪು ಮಾಡೋಳು. ಲೆಕ್ಕ ಸರಿಹೋಯ್ತಲ್ಲ.’

‘ನಗೋ ವಿಷಯ ಅಲ್ಲ ಇದು.’

‘ಅಯ್ಯೋ, ಮುಖ ತಾನೆ? ಕೈಕಾಲು ಕೇಳಿಲ್ಲವಲ್ಲ. ಇಷ್ಟಕ್ಕೂ ನಿನ್ನ ಹೆಸರೇನು ಬರೆದಿದ್ದಾರಾ ಅಲ್ಲಿ?’

ಮೂಲೆಯಲ್ಲಿ ಟವೆಲ್ಲುಗಳನ್ನು ಅಂಚಿಗಂಚು ಸೇರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ‘ಜನ ಕಂಡವರ ವಿಷಯಕ್ಕೆ ಮೂಗು ತೂರಿಸ್ತಾರೆ, ಇವಳು ಇಡೀ ಮುಖ ತೂರಿಸಿ ಬಂದಿದ್ದಾಳೆ’ ಎಂದರು. ಇನ್ನೊಂದು ಟವೆಲ್ ಎತ್ತಿಕೊಂಡು, ‘ಕೊಡೋವಾಗ ಯಾತಕ್ಕೆ ಅಂತ ಕೇಳ್ಲಿಲ್ವೇನೆ?’

‘ಪಾಠಕ್ಕೆ ಅಂದ್ರು ಅತ್ತೆ.’

‘ಪಾಠವೇ. ನನ್ನ ಮದುವೇಲಿ ನಮ್ಮತ್ತೆ ಸೌಟು ಕೈಗೆ ಕೊಟ್ಟು, ಒಂದೆರಡು ದಿನ ಅಂದಿದ್ರು.’ ಟವೆಲ್ಲಿನ ಅಟ್ಟಿಯನ್ನು ಅವಳ ಮಡಿಲಿಗೆ ತಳ್ಳಿದರು. ‘ಹೋಗಿ ಕೇಳು. ಸಿಟ್ಟು ಮನೇಲಿ ಮಡಿಸಿಟ್ರೆ ನಾಳೆ ನನ್ನ ಮಗನ ಅಂಗಿ ಥರ ಇಸ್ತ್ರಿಯಾಗಿರುತ್ತೆ, ಯಾರಿಗೂ ಕಾಣಲ್ಲ.’

ಗಂಡ ಆಗ ನಗುವುದನ್ನು ನಿಲ್ಲಿಸಿದ. ಆದರೆ ಕೇಳುವುದಕ್ಕೂ ಮುಂದಾಗಲಿಲ್ಲ, ಟಿವಿಯ ಸದ್ದು ಒಂದಿಷ್ಟು ಕಡಿಮೆ ಮಾಡಿದ ಅಷ್ಟೆ.

ಮರುದಿನ ಮುಖ್ಯಸ್ಥರ ಕೋಣೆಗೆ ಹೋದಳು. ಒಳ್ಳೆಯ ಮನುಷ್ಯರೆಂದೇ ಹೆಸರು. ಯಾರು ಬಂದರೂ ಕುರ್ಚಿ ತೋರಿಸುವವರು, ಮಾತಿನ ನಡುವೆ ಫೋನು ಎತ್ತಿದರೆ ಕ್ಷಮೆ ಕೇಳುವವರು.

‘ತಪ್ಪಿನ ಪಾಠಕ್ಕೆ ಬರೀ ನನ್ನ ತಲೆ ಹಾಕಿದ್ದೀರಿ ಸರ್.’

‘ನಿಮ್ಮ ತಲೆ ಅಲ್ಲಮ್ಮ ಅದು, ಎರಡನೇ ನಂಬರ್ ತಲೆ.’ ನಕ್ಕರು. ಅವಳು ನಗದಿದ್ದುದನ್ನು ನೋಡಿ ಮುಂದಕ್ಕೆ ಬಾಗಿದರು. ‘ಯಾರೂ ಕೂತು ನಿಮ್ಮನ್ನ ಆರಿಸಿಲ್ಲ. ಅದಿರೋದು ಹೀಗೆ: ಪಾಠ, ಗಾಬರಿ ತೋರ್ಸೋ ತಲೆ ಬೇಕು ಅನ್ನುತ್ತೆ. ಮೆಷಿನ್ ಎಲ್ಲ ತಲೆಗಳಲ್ಲೂ ಹುಡುಕುತ್ತೆ. ಹತ್ತು ತಲೆಗೆ ಗಾಬರಿ ಇದ್ರೆ ಹತ್ತರಲ್ಲಿ ಯಾವುದಾದ್ರೂ ಒಂದನ್ನ ಎತ್ಕೊಳುತ್ತೆ. ಇರೋದು ನಿಮ್ಮದೊಂದಕ್ಕೇ. ಅದೇನು ಮಾಡುತ್ತೆ ಪಾಪ?’

‘ಬೇರೆಯವರು ಯಾಕೆ ಕೊಟ್ಟಿಲ್ಲ?’

‘ಅದನ್ನ ನೀವೇ ಹೇಳ್ಬೇಕು. ಫೋಟೊ ತೆಗೆಯೋವಾಗ ಕೇಳೋರು ನೀವೇ ಅಲ್ವಾ?’

ನಿಜ. ಬಂದ ಎಲ್ಲ ಕ್ಯಾಪ್ಟನ್ನರನ್ನೂ ಅವಳು ಕೇಳಿದ್ದಳು. ಸುಮ್ಮನಿರುವ ಮುಖ ಕೊಟ್ಟರು, ನಗುವುದು ಕೊಟ್ಟರು, ಸಿಟ್ಟು ಕೊಟ್ಟರು, ಕಣ್ಣು ಕಿರಿದು ಮಾಡಿ ದೂರ ನೋಡುವುದನ್ನಂತೂ ಕೇಳದೆಯೇ ಕೊಟ್ಟರು. ಗಾಬರಿ ಎಂದಾಗ ಒಬ್ಬರು, ‘ಅದು ಹೇಗಿರುತ್ತೆ ಅಂತಾನೇ ಮರ್ತುಹೋಗಿದೆ ತಾಯಿ’ ಎಂದಿದ್ದರು. ಈಗ ಕಿವಿ ಕೂರಿಸುತ್ತಿರುವ ಇವರು, ‘ಅದೊಂದು ಬಿಡಮ್ಮ, ಮೊಮ್ಮಕ್ಕಳು ನೋಡ್ತಾರೆ’ ಎಂದಿದ್ದರು. ಅವಳು ಬಿಟ್ಟಿದ್ದಳು. ದೊಡ್ಡವರು, ಒತ್ತಾಯ ಯಾಕೆ ಎಂದುಕೊಂಡು.

‘ಹುಡುಗರು ಮೀಟರ್ ನೋಡ್ತಿಲ್ಲ ಸರ್. ನನ್ನ ಮುಖ ನೋಡಿ ಪಾಸಾಗ್ತಿದ್ದಾರೆ.’

‘ಪಾಸಾಗ್ತಿದ್ದಾರಲ್ಲ.’

‘ನಾಳೆ ನಿಜವಾದ ವಿಮಾನದಲ್ಲಿ ಪಕ್ಕದಲ್ಲಿ ನಿಜವಾದ ಹೆಂಗಸೊಬ್ಬಳು ಕೂತಿದ್ರೆ? ಅವಳು ಸರಿಯಾಗಿ ಓದಿ, ಇವನು ಉಲ್ಟಾ ಮಾಡಿದ್ರೆ?’

ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ‘ಅಷ್ಟು ದೂರ ಹೋಗ್ಬೇಡಿ. ನೋಡಿ, ಮುಖ ಕೊಟ್ಟ ಮೇಲೆ ಅದು ಪಾಠದ್ದು, ಕೊಟ್ಟವರದ್ದಲ್ಲ. ಯಾವ ಪಾಠಕ್ಕೆ ಏನು ಬೇಕೋ ಹಾಗೆ ಬಳಸ್ತೀವಿ. ಪ್ರತಿಯೊಬ್ಬರಿಗೂ ಇದನ್ನ ಬಾಯಿಬಿಟ್ಟು ಹೇಳಿ, ಒಪ್ಪಿಸ್ಕೊಂಡೇ ಫೋಟೊ ತೆಗೆಯೋದು. ಕ್ಯಾಪ್ಟನ್ ಆದ್ರೂ ಅಷ್ಟೆ, ನಾನಾದ್ರೂ ಅಷ್ಟೆ. ನಿಮಗೊಬ್ಬರಿಗೆ ಬೇರೆ ನಿಯಮ ಮಾಡಕ್ಕಾಗುತ್ತಾ?’

‘ಆಗಲ್ಲ’ ಎಂದಳು.

‘ಅಷ್ಟು ಬೇಜಾರಿದ್ರೆ ಒಂದು ಕೆಲಸ ಮಾಡೋಣ. ಈ ಸಲ ಕಲಿಯಕ್ಕೆ ಒಬ್ಬಳು ಹುಡುಗಿ ಬಂದಿದ್ದಾಳಲ್ಲ, ಅವಳನ್ನ ಕೂರಿಸಿ ಗಾಬರಿ ತೆಗೆಯಿರಿ. ಚಿಕ್ಕ ವಯಸ್ಸು, ಮುಖದಲ್ಲಿ ಎಲ್ಲ ಎದ್ದು ಕಾಣುತ್ತೆ. ನಿಮ್ಮದನ್ನ ತೆಗೆದು ಅವಳದ್ದು ಹಾಕಿಬಿಡೋಣ. ಸರಿಹೋಯ್ತಾ?’

ಅವರು ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ಅದೇ ಅವಳಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

‘ಬೇಡ ಸರ್’ ಎಂದು ಎದ್ದು ಬಂದಳು.

ಕೈತೊಳೆಯುವ ಕೋಣೆಯಲ್ಲಿ ಆ ಹುಡುಗಿ ಇದ್ದಳು. ಇಡೀ ತಂಡಕ್ಕೆ ಒಬ್ಬಳೇ; ಬಿಳಿ ಶರ್ಟಿನ ತೋಳು ಮಡಿಸಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಇವಳನ್ನು ಕಂಡು ನಲ್ಲಿ ನಿಲ್ಲಿಸಿದಳು.

‘ನೀವು ಅವರೇ ಅಲ್ವಾ ಅಕ್ಕ?’

‘ಹೂಂ. ಗಾಬರಿ ಅಕ್ಕ.’

ಹುಡುಗಿ ನಗಲಿಲ್ಲ. ‘ಇಲ್ಲಿ ಈಗ ನನಗೂ ಅದೇ ಹೆಸರು. ಇಬ್ಬಿಬ್ಬರನ್ನ ಜೋಡಿ ಮಾಡಿ ಕೂರಿಸ್ತಾರಲ್ಲ, ಯಾರ ಜೋಡಿಗೆ ನಾನು ಹೋಗ್ತೀನೋ ಅವನಿಗೆ ಮಿಕ್ಕವರೆಲ್ಲ, ಇವತ್ತು ನಿನಗೆ ಗಾಬರಿ ಅಕ್ಕ ಕಣೋ, ಜೋಪಾನ ಅಂತಾರೆ. ತಮಾಷೆಗೇ ಅನ್ನೋದು.’

‘ನೀನೇನಂತೀಯ?’

‘ನಾನೂ ನಗ್ತೀನಿ. ಇನ್ನೇನು ಮಾಡ್ಲಿ?’ ಕಾಗದದಿಂದ ಮುಖ ಒತ್ತಿಕೊಂಡಳು. ‘ನಾನು ಎತ್ತರ ಓದಿದ್ರೆ ಪಕ್ಕದವನು ಇನ್ನೊಂದು ಸಲ ಓದ್ತಾನೆ ಅಕ್ಕ. ಅವನು ಓದಿದ್ರೆ ಯಾರೂ ಇನ್ನೊಂದು ಸಲ ಓದಲ್ಲ. ಅವನು ಓದೋದು ಪರವಾಗಿಲ್ಲ, ಓದ್ಲಿ ಬಿಡಿ. ಈಗ ನಾನೇ ಓದ್ತೀನಿ. ಒಂದು ಸಲ ಸರಿಯಾಗಿ ಓದಿ, ಸರಿಯಿದೆ ಅಂತ ಗೊತ್ತಿದ್ದೂ, ಮತ್ತೆ ಓದ್ತೀನಿ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ. ಪರೀಕ್ಷೆ ಮಾಡೋರು, ಕೈ ನಿಧಾನ, ಇನ್ನೆರಡು ವಾರ ನೋಡ್ತೀವಿ, ಇಲ್ಲ ಅಂದ್ರೆ ಕಳಿಸ್ತೀವಿ ಅಂದಿದ್ದಾರೆ.’

ಹುಡುಗಿಯ ಕೆನ್ನೆಯ ಮೇಲೆ ಕಾಗದದ ಒಂದು ಚೂರು ಅಂಟಿತ್ತು; ಇವಳು ಕೈ ಚಾಚಿ ತೆಗೆದಳು. ಅಭ್ಯಾಸಬಲದಿಂದ ಮುಖವನ್ನೂ ನೋಡಿದಳು. ಮುಖ್ಯಸ್ಥರು ಹೇಳಿದ್ದು ಸುಳ್ಳಲ್ಲ, ಎಲ್ಲ ಎದ್ದು ಕಾಣುತ್ತಿತ್ತು. ಬಲಗಡೆಯ ಹುಬ್ಬು ಒಂದು ಕೂದಲೆಳೆ ಮೇಲೆ. ದವಡೆ ಗಟ್ಟಿ. ಫೋಟೊ ತೆಗೆದರೆ ಒಳ್ಳೆಯ ತಲೆಯಾಗುತ್ತಿತ್ತು. ಬಲೆಗೆ ಹೊದಿಸಿ, ನಂಬರು ಕೊಟ್ಟು, ತಪ್ಪಿನ ಸೀಟಿನಲ್ಲಿ ಕೂರಿಸಿದರೆ ಮುಂದಿನ ಹುಡುಗರು ಇದನ್ನೂ ನೋಡಿ ಪಾಸಾಗುತ್ತಿದ್ದರು.

‘ಊಟ ಮಾಡಿದ್ಯಾ?’ ಎಂದು ಕೇಳಿದಳು. ಹೆಂಗಸರಿಗೆ ಬೇರೆ ಮಾತು ಸಿಗದಿದ್ದಾಗ ಸಿಗುವ ಮಾತು.

‘ಆಯ್ತು ಅಕ್ಕ.’

ಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ಒಬ್ಬರಿಗೂ ಏನೂ ಅನಿಸಿರಲಿಲ್ಲವೆ? ಪಾಠ ಬರೆದವರಿಗೆ, ಪರೀಕ್ಷೆ ಮಾಡುವವರಿಗೆ, ಬಾಗಿಲ ಹೊರಗಿನಿಂದಲೇ ‘ಗಾಬರಿ ಅಕ್ಕ’ ಎಂಬ ಕೂಗು ಕೇಳಿಸಿಕೊಂಡವರಿಗೆ? ಯಾರೂ ಆರಿಸಲಿಲ್ಲವಂತೆ. ಮೆಷಿನ್ ಆರಿಸಿತಂತೆ. ಗಾಬರಿ ಎಂಬುದು ಲೋಕದಲ್ಲಿ ಒಬ್ಬಳಿಗೇ ಆಗುವುದೆಂದು ಮೆಷಿನ್ನಿಗೆ ಹೇಳಿಕೊಟ್ಟವರು ಯಾರು? ಮೊಮ್ಮಕ್ಕಳು ನೋಡುತ್ತಾರೆಂದು ಕ್ಯಾಪ್ಟನ್ನರು ಮುಖ ಉಳಿಸಿಕೊಂಡರು. ಅವಳ ಮಗಳು ನೋಡಿದರೆ? ಕೈ ಜಾರಿದ ಆ ಗಳಿಗೆಯ ಅಮ್ಮನ ಮುಖವನ್ನು ಮಗಳು ಆ ದಿನವೂ ನೋಡಿರಲಿಲ್ಲ. ಮಗಳು ಕಂಡದ್ದು ಓಡಿ ಬಂದು ಎತ್ತಿಕೊಂಡ ಅಮ್ಮನನ್ನು.

ಗಾಬರಿಯಾದವರೆಲ್ಲ ತಪ್ಪು ಮಾಡುತ್ತಾರೆಂದೂ ಗಾಬರಿಯಾಗದವರು ತಪ್ಪೇ ಮಾಡುವುದಿಲ್ಲವೆಂದೂ ಈ ಸಂಸ್ಥೆಯವರು ಎಷ್ಟು ಜನರಿಗೆ ಕಲಿಸಿ ಕಳಿಸಿದ್ದರೋ.

ಪರದೆಯ ಮೇಲೆ ಕ್ಯಾಪ್ಟನ್ನರು ಸುಮ್ಮನೆ ನೋಡುತ್ತಿದ್ದರು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಫೋಟೊ ತೆಗೆಸಿಕೊಂಡ ದಿನ ಅವಳಿಗೆ ಕುರ್ಚಿ ಎಳೆದುಕೊಟ್ಟಿದ್ದರು. ಮೂವತ್ತು ವರ್ಷ ಆಕಾಶದಲ್ಲಿದ್ದ ಮನುಷ್ಯನಿಗೆ ಒಮ್ಮೆಯಾದರೂ ಎದೆ ಧಸಕ್ಕೆನ್ನದೆ ಇದ್ದೀತೆ? ಆಗಿರುತ್ತದೆ. ಆದರೂ ವಿಮಾನ ಇಳಿಸಿರುತ್ತಾರೆ.

ಎಲ್ಲ ತಲೆಗಳಿಗೂ ಬಲೆ ಒಂದೇ. ಹಾಗೆ ಇರಲೆಂದು ಮೊದಲ ದಿನವೇ ಹಟ ಹಿಡಿದವಳು ಅವಳು. ಪ್ರತಿ ತಲೆಯಲ್ಲೂ ಅಷ್ಟೇ ಗಂಟುಗಳು, ಅದೇ ಕ್ರಮದಲ್ಲಿ. ಹಾಗಾಗಿ ಒಂದು ಮುಖದ ಹುಬ್ಬು ಏಳುವುದನ್ನು ಎತ್ತಿ ಇನ್ನೊಂದು ಮುಖಕ್ಕೆ ಕೊಡಬಹುದು. ಕೊಟ್ಟ ಮೇಲೆ ಅದನ್ನು ಆ ಮುಖಕ್ಕೆ ಒಗ್ಗಿಸಬೇಕು, ಇಲ್ಲದಿದ್ದರೆ ಬೇರೆಯವರ ಅಂಗಿ ತೊಟ್ಟ ಹಾಗಿರುತ್ತದೆ. ನಗುವನ್ನು ಹೀಗೆ ಎಷ್ಟೋ ಸಲ ಹಂಚಿದ್ದಳು. ಸರಿಯಾಗಿ ನಗಲು ಬಾರದ ಕ್ಯಾಪ್ಟನ್ನರಿಗೆ ಬೇರೆಯವರ ನಗು ತಂದು ಹಾಕಿದ್ದಳು. ಯಾರೂ ಆಕ್ಷೇಪಿಸಿರಲಿಲ್ಲ, ಎಲ್ಲರೂ ಹೊಗಳಿದ್ದರು. ತಲೆ ಪೂರ್ತಿ ಮಾಡುವುದು ಅವಳ ಕೆಲಸ. ಪೂರ್ತಿ ಎಂದರೆ ಎಷ್ಟು ಎಂಬುದನ್ನು ಯಾವತ್ತೂ ಅವಳಿಗೇ ಬಿಟ್ಟಿದ್ದರು. ಮುಖ ಕೊಟ್ಟ ಮೇಲೆ ಅದು ಪಾಠದ್ದು. ಎಲ್ಲರಿಗೂ ಒಂದೇ ನಿಯಮ.

ತನ್ನ ಮುಖದಿಂದ ಗಾಬರಿಯನ್ನು ಅಳಿಸಿಬಿಡಬೇಕೆಂದು ನಿನ್ನೆ ರಾತ್ರಿಯೆಲ್ಲ ಅನಿಸಿತ್ತು. ಈಗ ಹಾಗನಿಸಲಿಲ್ಲ. ಅದು ಅವಳದು, ಅಲ್ಲಿಯೇ ಇರಲಿ.

ಎರಡನೇ ನಂಬರಿನ ತಲೆಯನ್ನು ತೆರೆದು ಕ್ಯಾಪ್ಟನ್ನರ ಪಕ್ಕದಲ್ಲಿ ನಿಲ್ಲಿಸಿದಳು. ಇವರ ಮುಖದಲ್ಲಿ ಗಾಬರಿ ಹುಬ್ಬಿಗಿಂತ ದವಡೆಯಲ್ಲಿ ಹೆಚ್ಚು ಕೂರುತ್ತದೆ ಎನ್ನಿಸಿತು. ಬಾಯಿ ಇಷ್ಟು ತೆರೆಯುವುದಿಲ್ಲ, ಗಂಟಲು ಒಮ್ಮೆ ಏರಿ ಇಳಿಯುತ್ತದೆ. ಕಣ್ಣಿನ ಕೆಳಗಿನ ಮಡಿಕೆ ಬಿಗಿಯಬೇಕು. ಇವರಾದ ಮೇಲೆ ಗಾಬರಿ ಹೇಗಿರುತ್ತದೆಂದು ಮರೆತವರದು. ಆಮೇಲೆ ಉಳಿದವರದು, ಒಬ್ಬರನ್ನೂ ಬಿಡದೆ. ಆಗ ಮೆಷಿನ್ ಯಾರನ್ನು ಬೇಕಾದರೂ ಎತ್ತಿಕೊಳ್ಳಲಿ. ಹುಡುಗಿಗೆ ಕೊಟ್ಟ ಎರಡು ವಾರಕ್ಕೆ ಮೊದಲು ಮುಗಿಯಬೇಕು.

ಮುಖ್ಯಸ್ಥರು ಬಾಗಿಲಲ್ಲಿ ನಿಂತು ಇಣುಕಿದರು. ಬೆಳಗಿನ ಮಾತು ಮನಸ್ಸಿನಲ್ಲಿತ್ತೋ ಏನೋ, ದನಿ ಮೃದುವಾಗಿತ್ತು. ‘ಕ್ಯಾಪ್ಟನ್ ಮುಗೀತಾ ಬಂದ್ರಾ?’

‘ಇನ್ನು ಸ್ವಲ್ಪ ಕೆಲಸ ಇದೆ ಸರ್.’

‘ನಿಧಾನಕ್ಕೆ ಮಾಡಿ, ಚೆನ್ನಾಗಿ ಬರ್ಲಿ. ಬೇಜಾರೇನಿಲ್ಲ ತಾನೆ?’

‘ಏನಿಲ್ಲ’ ಎಂದಳು.

ಅವರು ಹೋದ ಮೇಲೆ ದವಡೆಯ ಮೊದಲ ಗಂಟನ್ನು ಹಿಡಿದು, ಮೆಲ್ಲಗೆ ಕೆಳಕ್ಕೆ ಎಳೆದಳು.